ಎರಡು ಮಾರುತಿ 800 ಸಾಗಿಸೋಕೆ ಟ್ರೇಲರ್: ಡಿ-ಮ್ಯಾಕ್ಸ್ ಹಿಂದೆ ಯಾವುದು ಕಟ್ಟಬಹುದು?

ಆಲ್ದೂರು_800

ಎಲ್ಲರಿಗೂ ನಮಸ್ಕಾರ. ಆಲ್ದೂರು ಹತ್ತಿರ ನಮ್ಮ ತೋಟ. ನಾನೂ ನಮ್ಮಣ್ಣನ ಮಗನೂ ಸೇರಿ ಎರಡು ಮಾರುತಿ 800 ಗಾಡಿಗಳನ್ನ ಆಟೋಕ್ರಾಸ್‌ಗೆ (ಮಣ್ಣಿನ ಟ್ರ್ಯಾಕಲ್ಲಿ ನಡೆಯೋ ಕಾರ್ ರೇಸ್) ಅಂತ ರೆಡಿ ಮಾಡಿದ್ದೀವಿ. ಎರಡಕ್ಕೂ ಒಳಗೆ ರೋಲ್ ಕೇಜ್ (ಕಾರು ಮಗುಚಿದ್ರೆ ಕಾಯೋ ಪೈಪಿನ ಪಂಜರ) ಕೂತಿದೆ, ಹಿಂದಿನ ಸೀಟು ತೆಗೆದಾಗಿದೆ, ಒಂದರ ಸೈಲೆನ್ಸರ್ ಅಂತೂ ರಸ್ತೆ ಮೇಲೆ ಓಡಿಸೋ ಹಾಗಿಲ್ಲ. ಹಾಗಾಗಿ ಎಲ್ಲಿಗೆ ಹೋದ್ರೂ ಹೊತ್ತುಕೊಂಡೇ ಹೋಗ್ಬೇಕು. ಇಷ್ಟು ದಿನ ಬಾಡಿಗೆ ಕ್ಯಾಂಟರ್. ಸೀಸನ್‌ನಲ್ಲಿ ಕಾಫಿ ಮೂಟೆ, ಮೆಣಸು, ಶುಂಠಿ ಅಂತ ಎಲ್ಲ ಗಾಡಿಗಳೂ ಬಿಜಿ, ನಮಗೆ ಬೇಕಾದ ದಿನ ಸಿಗೋದೇ ಇಲ್ಲ.

ಮನೇಲಿ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಇದೆ. 1.9 ಲೀಟರ್ ಇಂಜಿನ್, ಫೋರ್ ವೀಲ್ ಡ್ರೈವ್, ಬಿಳಿ ಬೋರ್ಡ್. ಎರಡೂ ಕಾರನ್ನ ಒಂದೇ ಸಲಕ್ಕೆ ಹಾಕ್ಕೊಂಡು ಹೋಗೋ ಟ್ರೇಲರ್ ಮಾಡಿಸಿಬಿಡೋಣ ಅಂತ ಯೋಚನೆ. ಒಂದು ಆಕ್ಸಲ್ (ಒಂದು ಜೊತೆ ಚಕ್ರದ ಅಚ್ಚು) ಸಾಕಾ, ಎರಡು ಬೇಕಾ? ಬ್ರೇಕ್ ಇರೋದು ತಗೋಬೇಕಾ? ಹಾಸನದಲ್ಲಿ ಟ್ರ್ಯಾಕ್ಟರ್ ಟ್ರೇಲರ್ ಕಟ್ಟೋರ ಹತ್ರ ಕಟ್ಟಿಸಿದ್ರೆ ಆಗುತ್ತಾ? ಬಜೆಟ್ ಮೂರರಿಂದ ಮೂರೂವರೆ ಲಕ್ಷ. ಪಿಕಪ್‌ಗೆ 360 ನ್ಯೂಟನ್ ಮೀಟರ್ ಟಾರ್ಕ್ ಇರೋದ್ರಿಂದ ಎಳೆಯೋದಕ್ಕೆ ತೊಂದರೆ ಬರಲ್ಲ ಅಂದ್ಕೊಂಡಿದ್ದೀನಿ. ತಿಳಿದೋರು ಹೇಳಿ.

ದೋಣಿಗಲ್_ಡ್ರೈವರ್

ಎಳೆಯೋದರ ಬಗ್ಗೆ ಚಿಂತೆ ಬಿಡಿ ಸರ್, ಅದು ಎಳೆಯುತ್ತೆ. ನೀವು ಕೇಳಬೇಕಾದ್ದು, ಅದು ನಿಲ್ಲುತ್ತಾ ಅಂತ.

ಲೆಕ್ಕ ಹಾಕಿ ನೋಡಿ. ಮಾರುತಿ 800 ಒಂದೊಂದು ಸುಮಾರು 650 ಕೆಜಿ. ಎರಡಕ್ಕೆ 1300. ಎರಡು ಕಾರು ಹಿಡಿಸೋ ಕಬ್ಬಿಣದ ಟ್ರೇಲರ್ ಎಷ್ಟೇ ಹಗುರ ಕಟ್ಟಿದ್ರೂ 900ರಿಂದ 1000 ಕೆಜಿ. ಸ್ಟೆಪ್ನಿ, ಜಾಕಿ, ಟೂಲ್ ಬಾಕ್ಸ್ ಸೇರಿ 2300 ಅಂತ ಇಟ್ಕೊಳ್ಳಿ. ನಿಮ್ಮ ವಿ-ಕ್ರಾಸ್ ಖಾಲಿ ತೂಕ ಎರಡು ಸಾವಿರದ ಒಳಗೇ ಇದೆ. ಅಂದ್ರೆ ಎಳೆಯೋ ಗಾಡಿಗಿಂತ ಹಿಂದೆ ಬರೋದೇ ಭಾರ.

ಟ್ರೇಲರ್‌ಗೆ ಬ್ರೇಕ್ ಇಲ್ಲ ಅನ್ನಿ. ನೀವು ಸ್ವಲ್ಪ ಗಟ್ಟಿಯಾಗಿ, 0.4 ಜಿ (ಗುರುತ್ವದ ಹತ್ತರಲ್ಲಿ ನಾಲ್ಕು ಪಾಲು) ಅಷ್ಟು, ಬ್ರೇಕ್ ಒತ್ತಿದ್ರೆ ಹಿಂದಿನ ಆ 2300 ಕೆಜಿ ನಿಮ್ಮ ಹಿಚ್ ಬಾಲನ್ನ (ಟ್ರೇಲರ್ ಸಿಕ್ಕಿಸೋಕೆ ಪಿಕಪ್ ಹಿಂದೆ ಇರೋ ಕಬ್ಬಿಣದ ಗುಂಡು) 900 ಕೆಜಿಗಿಂತ ಹೆಚ್ಚಿನ ಬಲದಲ್ಲಿ ಮುಂದಕ್ಕೆ ನೂಕುತ್ತೆ. ರಸ್ತೆ ನೆಟ್ಟಗಿದ್ರೆ ನಿಲ್ಲೋಕೆ ದೂರ ಜಾಸ್ತಿ ಬೇಕಾಗುತ್ತೆ, ಅಷ್ಟೆ. ತಿರುವಿನಲ್ಲಿ ಒತ್ತಿದ್ರೆ ಪಿಕಪ್‌ನ ಹಿಂಭಾಗ ಪಕ್ಕಕ್ಕೆ ಹೋಗಿ, ಗಾಡಿ ಟ್ರೇಲರ್ ಎರಡೂ ಕತ್ತರಿ ಹಾಗೆ ಮಡಚಿಕೊಳ್ಳುತ್ತೆ. ಶಿರಾಡಿಯಲ್ಲಿ ಮಳೆ ಬಿದ್ದ ಕಾಂಕ್ರೀಟ್ ಮೇಲೆ ಆ ಪರಿಸ್ಥಿತಿ ಯಾರಿಗೂ ಬೇಡ.

ಬ್ರೇಕ್ ಒತ್ತದೇ ಇದ್ರೂ ಇಳುಕಲು ಸುಮ್ನೆ ಬಿಡಲ್ಲ. 15 ಮೀಟರ್‌ಗೆ 1 ಮೀಟರ್ ಇಳಿಯೋ ರಸ್ತೆಯಲ್ಲಿ ಆ ಟ್ರೇಲರ್ ಒಂದೇ ಸಮನೆ 150 ಕೆಜಿ ಬಲದಲ್ಲಿ ಹಿಂದಿನಿಂದ ನೂಕ್ತಾ ಇರುತ್ತೆ. ಮಾರನಹಳ್ಳಿ ದಾಟಿ ಗುಂಡ್ಯದವರೆಗೂ ಅದನ್ನ ಪಿಕಪ್ ಬ್ರೇಕ್ ಒಂದೇ ಹೊರಬೇಕು. ಡಿಸ್ಕ್ ಕಾದು ಪೆಡಲ್ ಮೆತ್ತಗಾಗೋದು ಹೇಗಿರುತ್ತೆ ಅಂತ ಘಾಟಿಯಲ್ಲಿ ಓಡಿಸೋರಿಗೆಲ್ಲ ಗೊತ್ತು.

ಕೆಎ13_ಬೈಪಾಸ್

ದೋಣಿಗಲ್ ಅಣ್ಣ ಹೇಳಿದ್ದು ಘಾಟಿಗೆ ನಿಜ. ಬಯಲುಸೀಮೆ ಕಡೆ ಅಷ್ಟೊಂದು ಹೆದರೋದು ಬೇಡ. ನಮ್ಮ ಚನ್ನರಾಯಪಟ್ಟಣದ ಕಡೆ ಸ್ನೇಹಿತರ ಹತ್ರ ಎರಡು ಕಾರಿನ ಟ್ರೇಲರ್ ಇದೆ, ಎರಡು ಆಕ್ಸಲ್, ನಾಲ್ಕು ಚಕ್ರಕ್ಕೂ ಬ್ರೇಕ್. ಮೇಲೆ ಎರಡು ಆಲ್ಟೊ. ಹಾಸನದಿಂದ ನೆಲಮಂಗಲದವರೆಗೆ ರಾಷ್ಟ್ರೀಯ ಹೆದ್ದಾರಿ 75ರಲ್ಲಿ ನಾಲ್ಕು ಪಥ, ಅರವತ್ತರ ವೇಗದಲ್ಲಿ ಎಡಗಡೆ ಹಿಡಿದು ಹೋದ್ರೆ ಸಲೀಸು. ನಾನೂ ಜೊತೇಲಿ ಕೂತು ಹೋಗಿದ್ದೀನಿ. ಎದುರು ಗಾಳಿಗೆ ಡೀಸೆಲ್ ಚೆನ್ನಾಗಿ ಕುಡಿಯುತ್ತೆ, ಬೇರೆ ತಕರಾರಿಲ್ಲ.

ಒಂದು ಆಕ್ಸಲ್ಲಾ ಎರಡಾ ಅನ್ನೋ ಪ್ರಶ್ನೆ ಎರಡು ಕಾರಿಗೆ ಬರೋದೇ ಇಲ್ಲ. ಎರಡೇ. ಒಂದು ಟೈರ್ ಪಂಚರ್ ಆದ್ರೂ ಪಕ್ಕದ್ದು ಹಿಡಿದು ನಿಲ್ಲಿಸುತ್ತೆ. ಒಂದೇ ಆಕ್ಸಲ್ ಇದ್ದು ಟೈರ್ ಸಿಡಿದ್ರೆ ಟ್ರೇಲರ್ ಒಂದು ಕಡೆಗೆ ಬಗ್ಗಿ ಪಿಕಪ್ಪನ್ನೂ ಎಳ್ಕೊಂಡು ಹೋಗುತ್ತೆ.

ಆಲೂರು_ಟ್ರ್ಯಾಕ್ಟರ್

ಟ್ರ್ಯಾಕ್ಟರ್ ಟ್ರೇಲರ್ ಥರದ್ದು ಯಾಕಾಗಬಾರದು? ನಾಲ್ಕು ಚಕ್ರ, ಮುಂದಿನ ಆಕ್ಸಲ್ ತಿರುಗೋಕೆ ಟರ್ನ್ ಟೇಬಲ್. ಬಾಲ್ ಮೇಲೆ ಭಾರವೇ ಬೀಳಲ್ಲ. ನಮ್ಮ ಕಡೆ ಆಲೂಗಡ್ಡೆ, ಜೋಳ ಎಲ್ಲ ಅದರಲ್ಲೇ ಹೋಗೋದು. ಕಟ್ಟೋರೂ ಬೇಕಾದಷ್ಟು ಜನ ಇದ್ದಾರೆ.

ಪಟ್ಟಿ_ಹಬ್ಬು_ಹಾಸನ

ನಾನು ಹಾಸನದಲ್ಲಿ ಫ್ಯಾಬ್ರಿಕೇಶನ್ ಕೆಲಸ ಮಾಡೋನು, ಟ್ರ್ಯಾಕ್ಟರ್ ಟ್ರೇಲರ್‌ಗಳ ರಿಪೇರಿಯೂ ಬರುತ್ತೆ. ಆಲೂರು ಗೌಡ್ರೇ, ಆ ಟ್ರೇಲರ್ ಟ್ರ್ಯಾಕ್ಟರಿನ ವೇಗಕ್ಕೆ ಅಂತ ಮಾಡಿರೋದು. ಟರ್ನ್ ಟೇಬಲ್ ಇರೋ ಟ್ರೇಲರ್ ಅರವತ್ತರ ವೇಗಕ್ಕೆ ಬಂದ್ರೆ ಮುಂದಿನ ಆಕ್ಸಲ್ ಅಲ್ಲಾಡೋಕೆ ಶುರುವಾಗುತ್ತೆ. ಅದರ ಸ್ಪ್ರಿಂಗ್ ಪಟ್ಟಿಗಳು ಟನ್‌ಗಟ್ಟಲೆ ಲೋಡಿಗೆ ಅಂತ ಇರೋದು. ಎರಡು 800 ಇಟ್ರೆ ಪಟ್ಟಿ ಬಗ್ಗೋದೇ ಇಲ್ಲ, ಕಾರು ಕುಣಿದು ಕುಣಿದು ಅದನ್ನ ಬಿಗಿದ ಬೆಲ್ಟ್ ಸಡಿಲ ಆಗುತ್ತೆ. ಪಿಕಪ್ ಹಿಂದೆ ಬೇಕಾಗಿರೋದು ಮಧ್ಯದಲ್ಲಿ ಎರಡು ಆಕ್ಸಲ್ ಹತ್ತಿರ ಹತ್ತಿರ ಇರೋ ಥರದ್ದು.

ಆಲ್ದೂರು ಸರ್, ಅಳತೆ ಹೇಳ್ತೀನಿ ಕೇಳಿ. 800ರ ಉದ್ದ 3335 ಎಂ.ಎಂ, ಅಗಲ 1440. ಎರಡು ಕಾರಿಗೆ 6.67 ಮೀಟರ್, ನಡುವೆ ಒಂದಡಿ ಜಾಗ ಬಿಟ್ರೆ ಡೆಕ್ (ಕಾರು ನಿಲ್ಲೋ ಹಾಸು) 7 ಮೀಟರ್. ಪಿಕಪ್‌ಗೆ ಸಿಕ್ಕಿಸೋ ಮುಂದಿನ ಡ್ರಾ ಬಾರ್ ಒಂದೂವರೆ ಮೀಟರ್. ನಿಮ್ಮ ವಿ-ಕ್ರಾಸ್ 5.3 ಮೀಟರ್. ಒಟ್ಟು ಹೆಚ್ಚುಕಡಿಮೆ 14 ಮೀಟರ್ ಉದ್ದದ ಗಾಡಿ ಓಡಿಸ್ತೀರ ಅಂತಾಯ್ತು.

ಆಕ್ಸಲ್ ಎಲ್ಲಿ ಕೂರಿಸ್ತೀವಿ ಅನ್ನೋದರಲ್ಲೇ ಟ್ರೇಲರಿನ ಎಲ್ಲಾ ಗುಣ ಇರೋದು. ಲೋಡಿನ ಮಧ್ಯಬಿಂದು ಆಕ್ಸಲ್‌ಗಳ ಮಧ್ಯಕ್ಕಿಂತ ಸುಮಾರು ಅರ್ಧ ಮೀಟರ್ ಮುಂದೆ ಇರಬೇಕು. ಆಗ ಒಟ್ಟು ತೂಕದ ಹತ್ತರಲ್ಲೊಂದು ಪಾಲು, ಅಂದ್ರೆ ಇನ್ನೂರು ಚಿಲ್ಲರೆ ಕೆಜಿ, ಬಾಲ್ ಮೇಲೆ ಕೂರುತ್ತೆ. ಇದು ಕಡಿಮೆಯಾದ್ರೆ ಟ್ರೇಲರ್ ಬಾಲ ಅಲ್ಲಾಡಿಸೋಕೆ ಶುರು ಮಾಡುತ್ತೆ. ಜಾಸ್ತಿಯಾದ್ರೆ ಪಿಕಪ್ ಹಿಂದೆ ಕುಸಿದು ಮುಂದಿನ ಚಕ್ರ ಹಗುರ ಆಗುತ್ತೆ, ಸ್ಟೇರಿಂಗ್ ಮಾತು ಕೇಳಲ್ಲ. ಬಾಲ್ ಮೇಲಿನ ಭಾರ ಪಿಕಪ್ ಹೊರೋ ಲೋಡಿನ ಲೆಕ್ಕಕ್ಕೂ ಸೇರುತ್ತೆ. ಹಿಂದಿನ ತೊಟ್ಟಿ ತುಂಬ ಟೈರು, ಜನರೇಟರ್ ತುಂಬಬೇಡಿ.

ಟೈರ್: 185 ಆರ್ 14, ಎಂಟು ಪ್ಲೈ, ಲೋಡ್ ಇಂಡೆಕ್ಸ್ 102 ಇರೋದು ಹಾಕಿ. 102 ಅಂದ್ರೆ ಒಂದು ಟೈರ್ 850 ಕೆಜಿ ಹೊರುತ್ತೆ, ನಾಲ್ಕಕ್ಕೆ 3400. ಹಳೇ ಕಾರಿನ ಟೈರ್ ಹಾಕಿ ಕೊಡ್ತೀನಿ ಅನ್ನೋರ ಹತ್ರ ಹೋಗಲೇಬೇಡಿ.

ಆಲ್ದೂರು_800

ಪಟ್ಟಿ ಹಬ್ಬು ಸರ್, ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬಾ ಉಪಕಾರ. ಎರಡು ವಿಷಯ ಕೇಳ್ತೀನಿ. ಒಂದು, ಬಾಲ್ ಮೇಲೆ ಎಷ್ಟು ಭಾರ ಕೂತಿದೆ ಅಂತ ನೋಡೋದು ಹೇಗೆ? ಎರಡು, ಒಂದೊಂದು ಸಲ ಒಂದೇ ಕಾರು ಒಯ್ಯಬೇಕಾಗುತ್ತೆ, ಆಗ ಎಲ್ಲಿ ನಿಲ್ಲಿಸಬೇಕು?

ಪಟ್ಟಿ_ಹಬ್ಬು_ಹಾಸನ

ವೇಬ್ರಿಡ್ಜ್‌ಗೆ ಹೋಗಿ ಸರ್. ಮೊದಲು ಲೋಡಾದ ಟ್ರೇಲರನ್ನ ಪಿಕಪ್‌ನಿಂದ ಬಿಚ್ಚಿ, ಮುಂದಿನ ಜಾಕಿ ಚಕ್ರದ ಮೇಲೆ ನಿಲ್ಲಿಸಿ, ಪೂರ್ತಿ ಟ್ರೇಲರ್ ತೂಕ ಮಾಡಿಸಿ. ಆಮೇಲೆ ಪಿಕಪ್‌ಗೆ ಕಟ್ಟಿ, ಪಿಕಪ್ ಹೊರಗೆ ನಿಂತು ಟ್ರೇಲರಿನ ನಾಲ್ಕು ಚಕ್ರ ಮಾತ್ರ ಬ್ರಿಡ್ಜ್ ಮೇಲೆ ಇರೋ ಹಾಗೆ ಇನ್ನೊಂದು ತೂಕ. ಮೊದಲಿನದ್ರಲ್ಲಿ ಎರಡನೇದು ಕಳೆದ್ರೆ ಉಳಿಯೋದೇ ಬಾಲ್ ಮೇಲಿನ ಭಾರ. ಉದಾಹರಣೆಗೆ ಮೊದಲು 2280, ಆಮೇಲೆ 2120 ಬಂತು ಅನ್ನಿ, ಬಾಲ್ ಮೇಲೆ 160 ಇದೆ, ಕಡಿಮೆ ಆಯ್ತು. ಆಗ ಕಾರನ್ನ ಸ್ವಲ್ಪ ಮುಂದೆ ಸರಿಸಬೇಕು. ಬಾಲ್‌ನಿಂದ ಆಕ್ಸಲ್ ಮಧ್ಯಕ್ಕೆ ಐದೂವರೆ ಮೀಟರ್ ಇದ್ರೆ, ಒಂದು 800ನ 20 ಸೆಂಟಿಮೀಟರ್ ಮುಂದೆ ಸರಿಸಿದ್ರೆ 23-24 ಕೆಜಿ ಮುಂದಕ್ಕೆ ಬರುತ್ತೆ. ಎರಡನ್ನೂ ಸರಿಸಿದ್ರೆ ಅದರ ಎರಡರಷ್ಟು. ಸರಿ ಬಂದ ಮೇಲೆ ಡೆಕ್ ಮೇಲೆ ಪೇಂಟ್‌ನಲ್ಲಿ ಚಕ್ರದ ಗುರುತು ಹಾಕಿ, ವೀಲ್ ಸ್ಟಾಪರ್ ವೆಲ್ಡ್ ಮಾಡಿಸಿ. ಆಮೇಲೆ ಪ್ರತಿ ಸಲ ಯೋಚನೆ ಮಾಡೋದೇ ಬೇಡ. ಆಲೂಗಡ್ಡೆ ಸೀಸನ್ ಬಿಟ್ಟು ಬನ್ನಿ, ಆಗ ಇಲ್ಲಿ ಎಲ್ಲಾ ಬ್ರಿಡ್ಜ್ ಮುಂದೂ ಸಾಲು ಇರುತ್ತೆ.

ಒಂದೇ ಕಾರಾದ್ರೆ ಆಕ್ಸಲ್ ಮೇಲೆ, ಒಂದು ಚೂರು ಮುಂದಕ್ಕೆ. ಹಿಂದಿನ ಜಾಗದಲ್ಲಿ ಮಾತ್ರ ಒಂದೇ ಕಾರು ನಿಲ್ಲಿಸಿ ಹೊರಡಬೇಡಿ. 650 ಕೆಜಿ ಆಕ್ಸಲ್‌ಗಿಂತ ಒಂದೂಕಾಲು ಮೀಟರ್ ಹಿಂದೆ ನಿಂತ್ರೆ ಬಾಲನ್ನ 150 ಕೆಜಿಯಷ್ಟು ಮೇಲಕ್ಕೆ ಎತ್ತುತ್ತೆ. ಕಾರು ಹತ್ತಿಸುವಾಗಲೂ ಇದೇ ಕಥೆ. ಮೊದಲ ಕಾರು ರ್‍ಯಾಂಪ್ ಏರಿ ಡೆಕ್ಕಿನ ತುದಿಗೆ ಬಂದ ತಕ್ಷಣ ಹಿಂದೆ ಕುಸಿದು ಪಿಕಪ್‌ನ ಹಿಂಭಾಗ ಏಳುತ್ತೆ. ಹ್ಯಾಂಡ್‌ಬ್ರೇಕ್ ಇರೋದು ಆ ಎದ್ದ ಚಕ್ರಕ್ಕೇ. ಹಾಗಾಗಿ ಡೆಕ್ ಹಿಂತುದಿಯ ಎರಡೂ ಮೂಲೆಗೆ ಇಳಿಸೋ ಕಾಲು ಇರಲೇಬೇಕು, ಕಾರು ಹತ್ತಿಸೋಕೆ ಮುಂಚೆ ಅದನ್ನ ನೆಲಕ್ಕೆ ಊರಿಸಬೇಕು.

ಮೂಡಿಗೆರೆ_ಜಿಪ್ಸಿ

ಆಲ್ದೂರಿನವ್ರೇ, ನಿಮ್ಮ ಊರಿನ ರಸ್ತೆ ನನಗೆ ಗೊತ್ತು, ಅದಕ್ಕೇ ಬರೀತಿದ್ದೀನಿ. ಏಷ್ಯಾ ಪೆಸಿಫಿಕ್ ರ್‍ಯಾಲಿ ನಮ್ಮ ಚಿಕ್ಕಮಗಳೂರಿನ ತೋಟಗಳೊಳಗೆ ನಡೆದ ಕಾಲದಿಂದ ನಾನು ರ್‍ಯಾಲಿ ಕಾರು ರಿಪೇರಿ ಮಾಡೋ ಸರ್ವಿಸ್ ಪಾರ್ಕ್‌ಗಳಲ್ಲಿ ಇದ್ದೋನು. ದೊಡ್ಡ ಟೀಮಿನವ್ರು ಕಾರುಗಳನ್ನ ಲಾರಿಯಲ್ಲೇ ತರ್ತಿದ್ರು. ಅದಕ್ಕೆ ಕಾರಣ ದುಡ್ಡೊಂದೇ ಅಲ್ಲ ಮಾರಾಯ್ರೆ, ನಮ್ಮ ತಿರುವುಗಳು.

ಪಿಕಪ್‌ನ ಹಿಂಚಕ್ರ 8 ಮೀಟರ್ ತ್ರಿಜ್ಯದ ತಿರುವಲ್ಲಿ ಹೋಗ್ತಿದೆ ಅನ್ನಿ. ಪಟ್ಟಿ ಹಬ್ಬು ಹೇಳಿದ ಐದೂವರೆ ಮೀಟರ್ ಅಳತೆಯ ಟ್ರೇಲರ್ ಚಕ್ರ ಆ ತಿರುವಲ್ಲಿ ಪಿಕಪ್ ಹಾದಿಗಿಂತ ಎರಡು ಮೀಟರ್ ಒಳಗೆ ಕತ್ತರಿಸಿಕೊಂಡು ಬರುತ್ತೆ. ನೀವು ರಸ್ತೆ ಮಧ್ಯದಲ್ಲಿ ತಿರುಗಿದ್ರೂ ಅದು ಚರಂಡಿಯಲ್ಲಿ. ಚರಂಡಿ ತಪ್ಪಿಸೋಕೆ ಹೋದ್ರೆ ಎದುರಿನ ಬಸ್ಸಿನ ಪಾಲಿನ ರಸ್ತೆಗೆ ನೀವು ಹೋಗಬೇಕು. ಒಂದು ಕಾರಿನ ಟ್ರೇಲರಲ್ಲಿ ಬಾಲ್‌ನಿಂದ ಆಕ್ಸಲ್‌ಗೆ 3.7 ಮೀಟರ್ ಅಂತ ಹಿಡಿದ್ರೆ ಅದೇ ತಿರುವಲ್ಲಿ ಒಳಗೆ ಬರೋದು ಮುಕ್ಕಾಲು ಮೀಟರ್ ಮಾತ್ರ. ಇಷ್ಟು ವ್ಯತ್ಯಾಸ ಇದೆ.

ಮಂಗಳೂರಿಗೆ ಕೊಟ್ಟಿಗೆಹಾರದ ಮೇಲೆ ಚಾರ್ಮಾಡಿ ಇಳಿಯೋ ಯೋಚನೆ ಇದ್ರೆ ಎರಡು ಕಾರಿನ ಟ್ರೇಲರ್ ಮರೆತುಬಿಡಿ. 2019ರ ಭೂಕುಸಿತ ಆದಾಗಿನಿಂದ ಅಲ್ಲಿ ಭಾರಿ ವಾಹನಗಳಿಗೆ ನಿರ್ಬಂಧ ಬಂದಿದ್ದು ಎಲ್ಲರಿಗೂ ನೆನಪಿದೆ. ಹೇರ್‌ಪಿನ್‌ನಲ್ಲಿ ಸಿಕ್ಕಿ ಹಾಕ್ಕೊಂಡು ಹಿಂದಕ್ಕೆ ತಗೊಳ್ಳೋ ಪರಿಸ್ಥಿತಿ ಬಂದ್ರೆ ಎರಡೂ ಕಡೆ ಆಂಬುಲೆನ್ಸ್ ಸಹಿತ ಎಲ್ಲ ನಿಲ್ಲುತ್ತೆ. ಉಜಿರೆ, ಮಂಗಳೂರಿನ ಆಸ್ಪತ್ರೆಗಳಿಗೆ ನಮ್ಮ ಜನ ಹೋಗೋದು ಅದೇ ದಾರೀಲಿ.

ದೋಣಿಗಲ್_ಡ್ರೈವರ್

ಜಿಪ್ಸಿ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಬ್ರೇಕಿನ ಮಾತು ಅರ್ಧಕ್ಕೆ ನಿಂತಿತ್ತು, ಮುಗಿಸಿಬಿಡ್ತೀನಿ.

ಟ್ರೇಲರ್ ಬ್ರೇಕಲ್ಲಿ ನಮಗೆ ಸಿಗೋ ಥರದ್ದು ಎರಡು. ಒಂದು ಓವರ್‌ರನ್. ಪಿಕಪ್ ನಿಧಾನ ಆದಾಗ ಟ್ರೇಲರ್ ಮುಂದಕ್ಕೆ ನೂಕುತ್ತಲ್ಲ, ಆ ನೂಕೇ ಒಂದು ರಾಡ್ ಮೂಲಕ ಟ್ರೇಲರಿನ ಡ್ರಮ್ ಬ್ರೇಕ್ ಹಿಡಿಸುತ್ತೆ. ವೈರಿಂಗ್ ಬೇಡ, ಸರಳ. ಆದ್ರೆ ಉದ್ದ ಘಾಟಿಯಲ್ಲಿ ನೀವು ಸೆಕೆಂಡ್ ಗೇರಲ್ಲಿ ಇಂಜಿನ್ ಮೇಲೆ ಹಿಡಿದು ಇಳಿಸ್ತೀರಿ, ಟ್ರೇಲರ್ ಇಡೀ ದಾರಿ ನೂಕ್ತಾನೇ ಇರುತ್ತೆ, ಅದರ ಡ್ರಮ್ ಇಡೀ ದಾರಿ ಹಿಡ್ಕೊಂಡೇ ಇರುತ್ತೆ. ಕೆಳಗೆ ಬಂದು ಹಬ್ ಹತ್ರ ಕೈ ಇಟ್ರೆ ಸುಡುತ್ತೆ. ಹಾಗಾಗಿ ಮಧ್ಯೆ ಜಾಗ ನೋಡಿ ನಿಲ್ಲಿಸಿ ಆರೋಕೆ ಬಿಡಬೇಕು. ಹಿಂದಕ್ಕೆ ತಗೊಳ್ಳುವಾಗಲೂ ಬ್ರೇಕ್ ಹಿಡಿಯುತ್ತೆ, ಅದಕ್ಕೆ ರಿವರ್ಸ್ ಲಾಕ್ ಇರೋದು ಕೇಳಿ ತಗೊಳ್ಳಿ.

ಇನ್ನೊಂದು ಎಲೆಕ್ಟ್ರಿಕ್. ಕ್ಯಾಬಿನ್ನಲ್ಲಿ ಒಂದು ಕಂಟ್ರೋಲರ್ ಇರುತ್ತೆ, ಟ್ರೇಲರ್ ಎಷ್ಟು ಹಿಡೀಬೇಕು ಅಂತ ನೀವೇ ಹೊಂದಿಸಬಹುದು. ಟ್ರೇಲರ್ ಅಲ್ಲಾಡೋಕೆ ಶುರುವಾದ್ರೆ ಪಿಕಪ್ ಬ್ರೇಕ್ ಮುಟ್ಟದೆ ಟ್ರೇಲರ್ ಒಂದನ್ನೇ ಕೈಯಿಂದ ಹಿಡಿಸಬಹುದು. ಅದೊಂದೇ ಕಾರಣಕ್ಕೆ ನಾನು ಘಾಟಿ ಕಡೆಯೋರಿಗೆ ಇದನ್ನೇ ಹೇಳೋದು. ಓವರ್‌ರನ್ ಇದ್ದಾಗ ಅಲ್ಲಾಡಿದ್ರೆ ಆಕ್ಸಿಲರೇಟರ್ ನಿಧಾನಕ್ಕೆ ಬಿಡಿ, ಸ್ಟೇರಿಂಗ್ ನೆಟ್ಟಗೆ ಹಿಡೀರಿ. ಅದು ಅಲ್ಲಾಡಿದ ಕಡೆಗೆಲ್ಲ ಸ್ಟೇರಿಂಗ್ ತಿರುಗಿಸೋಕೆ ಹೋಗಬೇಡಿ, ಇನ್ನೂ ಹೆಚ್ಚಾಗುತ್ತೆ.

ಯಾವುದೇ ತಗೊಳ್ಳಿ, ಬ್ರೇಕ್ ಅವೇ ಕೇಬಲ್ ಇರಲೇಬೇಕು. ಹಿಚ್ ಕಳಚಿಕೊಂಡ್ರೆ ಆ ಕೇಬಲ್ ಎಳೆದು ಟ್ರೇಲರ್ ಬ್ರೇಕ್ ತಾನಾಗೇ ಹಿಡಿಯುತ್ತೆ. ಜೊತೆಗೆ ಎರಡು ಸೇಫ್ಟಿ ಚೈನ್, ಡ್ರಾ ಬಾರ್ ಕೆಳಗೆ ಒಂದರ ಮೇಲೊಂದು ಅಡ್ಡಡ್ಡ ಹಾದು ಹೋಗೋ ಹಾಗೆ.

ಹೇಮಾವತಿ_ತೀರ

ಆಸ್ಟ್ರೇಲಿಯಾದ ವಿಡಿಯೋಗಳಲ್ಲಿ ಇದೇ ಡಿ-ಮ್ಯಾಕ್ಸ್ ಮೂರೂವರೆ ಟನ್ ಎಳೆಯೋದು ನೋಡಿದ್ದೀನಲ್ಲ? ಇಲ್ಲಿ 2300ಕ್ಕೆ ಯಾಕಿಷ್ಟು ಚರ್ಚೆ?

ದೋಣಿಗಲ್_ಡ್ರೈವರ್

ಅಲ್ಲಿಯ 3500 ಕೆಜಿ ಲೆಕ್ಕ 3 ಲೀಟರ್ ಇಂಜಿನ್ ಗಾಡಿಗೆ, ಅದೂ ಟ್ರೇಲರ್‌ಗೆ ಬ್ರೇಕ್ ಇದ್ರೆ. ಬ್ರೇಕಿಲ್ಲದ ಟ್ರೇಲರ್ ಆದ್ರೆ ಅದೇ ಗಾಡಿಗೆ ಅಲ್ಲಿ 750 ಕೆಜಿ ಮಾತ್ರ. ಯೂರೋಪಿನಲ್ಲೂ ಬ್ರೇಕಿಲ್ಲದ ಟ್ರೇಲರಿನ ಮಿತಿ 750 ಕೆಜಿಯೇ. ಈ 750ನ್ನ ನೆನಪಲ್ಲಿಡಿ: ಒಂದು ಮಾರುತಿ 800, ಅದರ ಕೆಳಗೆ ಟ್ರೇಲರ್ ಸೇರಿದ್ರೆ ಆಗಲೇ ಅದನ್ನ ದಾಟಿಹೋಯ್ತು. ನಮ್ಮ 1.9ಕ್ಕೆ ಇಲ್ಲಿ ಎಷ್ಟು ಅಂತ ಓನರ್ಸ್ ಮ್ಯಾನುಯಲ್ ನೋಡಿ, ಕಂಪನಿಗೆ ಇಮೇಲ್ ಹಾಕಿ ಬರಹದಲ್ಲೇ ಉತ್ತರ ತರಿಸಿಕೊಳ್ಳಿ. ಏನಾದ್ರೂ ಆದ್ರೆ ಇನ್ಶೂರೆನ್ಸ್‌ನವ್ರು ಕೇಳೋದು ಆ ಕಾಗದವನ್ನೇ.

ಫಾರಂ_ಇಪ್ಪತ್ತು

ಕಾಗದದ ಮಾತು ಬಂತು, ಇದನ್ನೂ ಓದಿಕೊಳ್ಳಿ. 1988ರ ಮೋಟಾರು ವಾಹನ ಕಾಯ್ದೆಯಲ್ಲಿ ‘ಮೋಟಾರು ವಾಹನ’ ಅನ್ನೋದರೊಳಗೇ ಟ್ರೇಲರೂ ಸೇರಿದೆ. ಅಂದರೆ ಟ್ರೇಲರ್‌ಗೆ ಪ್ರತ್ಯೇಕ ನೋಂದಣಿ ಬೇಕು, ಅದಕ್ಕೆ ಅದರದ್ದೇ ನಂಬರ್ ಬರುತ್ತದೆ. ಇದರ ಜೊತೆಗೆ 61ನೇ ಸೆಕ್ಷನ್ ಪ್ರಕಾರ ಎಳೆಯುವ ಗಾಡಿಯ ನಂಬರನ್ನೂ ಟ್ರೇಲರ್ ಮೇಲೆ ಹಾಕಬೇಕು. ನಿಮ್ಮ ಕೆಎ 18 ಪಿಕಪ್‌ನ ನಂಬರ್ ಪ್ಲೇಟ್ ಟ್ರೇಲರ್ ಮರೆಯಲ್ಲಿ ಕಾಣುವುದಿಲ್ಲವಲ್ಲ, ಅದಕ್ಕೆ.

ಅರ್ಜಿ ಫಾರಂ 20ರಲ್ಲಿ. ಜೊತೆಗೆ ಮಾರಿದವರು ಕೊಡುವ ಫಾರಂ 21, ತಯಾರಿಸಿದವರು ಕೊಡುವ ಫಾರಂ 22. ಸಿಕ್ಕಿಬೀಳುವುದು ಈ ಕೊನೆಯದರಲ್ಲಿ. ಗಾಡಿ ರಸ್ತೆಗೆ ಯೋಗ್ಯ ಅಂತ ತಯಾರಕರು ಬರೆದುಕೊಡುವ ಪತ್ರ ಅದು, ಅದರ ಹಿಂದೆ ಆ ಮಾದರಿಗೆ ಅನುಮೋದನೆ ಇರಬೇಕು. ವೆಲ್ಡಿಂಗ್ ಎಷ್ಟೇ ಚೆನ್ನಾಗಿದ್ದರೂ ಊರಿನ ಶೆಡ್ಡಿನಲ್ಲಿ ಕಟ್ಟಿಸಿದ ಟ್ರೇಲರ್‌ಗೆ ಆ ಪತ್ರ ಎಲ್ಲಿಂದ ಬರಬೇಕು? ಪಟ್ಟಿ ಹಬ್ಬು ಅವರು ಬೇಸರ ಮಾಡಿಕೊಳ್ಳಬಾರದು.

ಕಟ್ಟಿಸಿ ತಂದು ನಿಲ್ಲಿಸಿಕೊಂಡು ನಂಬರ್ ಸಿಗದೆ ಗೋಡೌನಿನಲ್ಲಿ ತುಕ್ಕು ಹಿಡಿಯುತ್ತಿರುವ ಟ್ರೇಲರ್‌ಗಳನ್ನು ನಾನು ನೋಡಿದ್ದೇನೆ. ಅಡ್ವಾನ್ಸ್ ಕೊಡುವ ಮೊದಲು ಅನುಮೋದನೆ ಪತ್ರದ ಜೆರಾಕ್ಸ್ ಕೇಳಿ, ಅದನ್ನು ಆರ್‌ಟಿಒ ಕಚೇರಿಯಲ್ಲಿ ತೋರಿಸಿ, ಅವರು ಸರಿ ಎಂದ ಮೇಲೆ ದುಡ್ಡು ಕೊಡಿ. ಬೇರೆಯವರ ಕಾರನ್ನು ಬಾಡಿಗೆಗೆ ಸಾಗಿಸುವ ಯೋಚನೆ ಇದ್ದರೆ ಬಿಳಿ ಬೋರ್ಡ್ ನಡೆಯುವುದಿಲ್ಲ. ಕಾರಿನ ಹಿಂದೆ ಕಾರು ಹಗ್ಗ ಕಟ್ಟಿ ಎಳೆಯುವುದಕ್ಕೆ ಅವಕಾಶ ಇರುವುದೂ ಕೆಟ್ಟು ನಿಂತ ಗಾಡಿಯನ್ನು ಹತ್ತಿರದ ಗ್ಯಾರೇಜಿಗೆ ಮುಟ್ಟಿಸುವುದಕ್ಕೆ, ರೇಸಿಗೆ ಒಯ್ಯುವುದಕ್ಕಲ್ಲ.

ಪಟ್ಟಿ_ಹಬ್ಬು_ಹಾಸನ

ಬೇಸರ ಏನೂ ಇಲ್ಲ ಸಾರ್, ಇರೋದನ್ನೇ ಹೇಳಿದ್ದೀರಿ. ಅನುಮೋದನೆ ಇಲ್ಲದ ಕಾರ್ ಟ್ರೇಲರ್ ಕಟ್ಟಿಕೊಡಿ ಅಂತ ಬಂದೋರನ್ನ ನಾನೂ ವಾಪಸ್ ಕಳಿಸಿದ್ದೀನಿ. ಅನುಮೋದನೆ ಇರೋ ತಯಾರಕರ ಹತ್ರ ತಗೊಂಡು ಬನ್ನಿ, ಆಮೇಲೆ ಗ್ರೀಸು, ಬೇರಿಂಗು, ಬ್ರೇಕ್ ಹೊಂದಿಸೋ ಕೆಲಸ ಏನಿದ್ರೂ ನಾವು ಮಾಡಿಕೊಡ್ತೀವಿ.

ತಗೊಳ್ಳುವಾಗ ಇಷ್ಟು ನೋಡಿ. ಹಿಚ್ಚನ್ನ ಬಂಪರ್‌ಗೆ ಅಲ್ಲ, ಚಾಸಿಗೆ ಬೋಲ್ಟ್ ಹಾಕಿ ಕೂರಿಸಿರಬೇಕು. ಬಾಲ್ 50 ಎಂ.ಎಂ ಆಗಿದ್ರೆ ಅದರ ಮೇಲೆ ಕೂರೋ ಟ್ರೇಲರಿನ ಕಪ್ಲರೂ 50ರದ್ದೇ ಇರಬೇಕು. ಎರಡಿಂಚಿನ ಕಪ್ಲರ್ ಅಂದ್ರೆ 50.8 ಎಂ.ಎಂ, ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತೆ, 50ರ ಬಾಲ್ ಮೇಲೆ ಲಾಕ್ ಆದ ಹಾಗೇ ಅನ್ಸುತ್ತೆ, ದೊಡ್ಡ ಹಂಪ್ ಸಿಕ್ಕಾಗ ಎದ್ದು ಬರಬಹುದು. ಡೆಕ್ ಪೂರ್ತಿ ಶೀಟ್ ಹೊಡೆಸೋದು ಬೇಡ, ಚಕ್ರ ಓಡೋ ಕಡೆ ಎರಡು ಪಟ್ಟೆ ಸಾಕು, ತೂಕ ಉಳಿಯುತ್ತೆ. ಆ ಪಟ್ಟೆ ಮೇಲೆ ತೂತಿರೋ ಅಥವಾ ಜಾಲರಿ ಥರದ್ದು ಹಾಕಿಸಿ. ಚೆಕರ್ ಪ್ಲೇಟ್ ನಿಮ್ಮ ಕಡೆ ಮಳೆಗೆ ಪಾಚಿ ಕಟ್ಟಿ ಜಾರುತ್ತೆ.

ಕಾಫಿಹೂವು

ಕಟ್ಟೋದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮನೆಯವರ ಜಿಪ್ಸಿಯನ್ನ ಇವೆಂಟ್‌ಗಳಿಗೆ ಕಳಿಸುವಾಗ ಬೆಲ್ಟ್ ಕಟ್ಟೋ ಜವಾಬ್ದಾರಿ ನನ್ನದು. ಚಾಸಿಗೆ ಹುಕ್ ಹಾಕಿ ಬಿಗಿದ್ರೆ ಕಾರು ಸಸ್ಪೆನ್ಷನ್ ಮೇಲೆ ಕುಣಿದಾಗ ಬೆಲ್ಟ್ ಸಡಿಲಾಗಿ ಹುಕ್ ಕಳಚುತ್ತೆ. ಅದರ ಬದಲು ನಾಲ್ಕು ಚಕ್ರಕ್ಕೂ ಟೈರ್ ಮೇಲಿಂದ ಹಾದು ಬರೋ ರ್‍ಯಾಚೆಟ್ ಬೆಲ್ಟ್ ಹಾಕಿ. ಚಕ್ರ ಡೆಕ್ಕಿಗೆ ಅಂಟಿಕೊಂಡಿರುತ್ತೆ, ಬಾಡಿ ತನ್ನ ಪಾಡಿಗೆ ಆಡಿಕೊಳ್ಳುತ್ತೆ. 800ರ ಟೈರ್ 12 ಇಂಚಿನ ರಿಮ್ಮಿನದ್ದು, ದೊಡ್ಡ ಕಾರಿಗೆ ಮಾಡಿರೋ ಬೆಲ್ಟ್ ಅದಕ್ಕೆ ಬಿಗಿಯಾಗಿ ಕೂರಲ್ಲ, ಪಕ್ಕಕ್ಕೆ ಜಾರುತ್ತೆ. ಅಳತೆ ಕೊಟ್ಟು ತರಿಸಿ. ಗೇರ್‌ನಲ್ಲಿಡಿ, ಹ್ಯಾಂಡ್‌ಬ್ರೇಕ್ ಹಾಕಿ, ಹತ್ತು ಹದಿನೈದು ಕಿಲೋಮೀಟರ್ ಹೋದ ಮೇಲೆ ನಿಲ್ಲಿಸಿ ಎಲ್ಲಾ ಬೆಲ್ಟ್ ಮತ್ತೆ ಬಿಗೀರಿ. ಹೊಸ ಬೆಲ್ಟ್ ಮೊದಲ ಓಟದಲ್ಲಿ ಸಡಿಲಾಗದೆ ಇರೋದೇ ಇಲ್ಲ.

ಮತ್ತೆ ರಾತ್ರಿ ಹೊತ್ತು. ಬೇಲೂರು ರಸ್ತೆಯಲ್ಲಿ ಮಂಜು ಬಿದ್ದಾಗ ಪಕ್ಕದಿಂದ ಬರೋರಿಗೆ ಟ್ರೇಲರ್ ಎಲ್ಲಿ ಮುಗಿಯುತ್ತೆ ಅಂತ ತಿಳಿಯಲ್ಲ. ಬೈಕಿನವ್ರು ಪಿಕಪ್ ಹೋಯ್ತು ಅಂತ ನುಗ್ಗಿಬಿಡ್ತಾರೆ. ಎರಡೂ ಪಕ್ಕ ಉದ್ದಕ್ಕೂ ರೇಡಿಯಂ ಟೇಪ್, ಪಕ್ಕಕ್ಕೂ ಲೈಟ್, ಇದರಲ್ಲಿ ಮಾತ್ರ ಕಂಜೂಸ್ ಮಾಡಬೇಡಿ.

ಕೆಎ13_ಬೈಪಾಸ್

ಇಷ್ಟೆಲ್ಲ ಓದಿದ ಮೇಲೂ ನಾನು ಎರಡು ಕಾರಿನ ಟ್ರೇಲರ್ ಕೆಟ್ಟದ್ದು ಅನ್ನಲ್ಲ. ಹಾಸನದಿಂದ ಈಚೆ ಇರೋರು, ಅರಸೀಕೆರೆ, ಚನ್ನರಾಯಪಟ್ಟಣದೋರು, ಬೆಂಗಳೂರು ಕಡೆ ಮಾತ್ರ ಹೋಗೋರು ಧೈರ್ಯವಾಗಿ ತಗೋಬಹುದು. ಆಲ್ದೂರಿನೋರಿಗೆ ಮನೆ ಗೇಟಿಂದಲೇ ತಿರುವು ಶುರು, ಅವರ ಲೆಕ್ಕ ಬೇರೆ.

ಆಲ್ದೂರು_800

ಎಲ್ಲರಿಗೂ ಕೃತಜ್ಞತೆ. ಜಿಪ್ಸಿ ಅಣ್ಣ ಹೇಳಿದ ತಿರುವಿನ ಲೆಕ್ಕ ಓದಿ, ನಾವಿಬ್ಬರೂ ಟೇಪ್ ಹಿಡ್ಕೊಂಡು ನಮ್ಮ ತೋಟದ ರಸ್ತೆಗೆ ಹೋದ್ವಿ. ಗೇಟಿಂದ ಟಾರ್ ರಸ್ತೆಗೆ ಸೇರೋಕೆ ಮುಂಚೆ ಒಂದು ತಿರುವು ಇದೆ, ಒಂದು ಕಡೆ ಧರೆ, ಇನ್ನೊಂದು ಕಡೆ ಹಳ್ಳ, ಧರೆ ಅಂಚಲ್ಲಿ ಅಜ್ಜನ ಕಾಲದ ಹಲಸಿನ ಮರ. ಪಿಕಪ್ ಆರಾಮಾಗಿ ತಿರುಗುತ್ತೆ. ಅದರ ಚಕ್ರದ ಗುರುತಿನಿಂದ ಎರಡು ಮೀಟರ್ ಒಳಗೆ ಸುಣ್ಣದ ಗೆರೆ ಎಳೆದು ನೋಡಿದ್ರೆ ಗೆರೆ ಸೀದಾ ಹಲಸಿನ ಬುಡದ ಮೇಲೆ ಹೋಗುತ್ತೆ. ಮುಕ್ಕಾಲು ಮೀಟರಿನ ಗೆರೆ ಮರ ಬಿಟ್ಟು ಆಚೆ ದಾಟುತ್ತೆ. ಆ ಮರ ಕಡಿಸೋ ಮಾತೇ ಇಲ್ಲ.

ಹಾಗಾಗಿ ಒಂದು ಕಾರಿನದ್ದೇ ತಗೊಳ್ಳೋದು ಅಂತ ಮನೇಲಿ ತೀರ್ಮಾನ ಆಯ್ತು. ಎರಡು ಆಕ್ಸಲ್, ನಾಲ್ಕಕ್ಕೂ ಬ್ರೇಕ್, ಸಾಧ್ಯ ಆದ್ರೆ ಎಲೆಕ್ಟ್ರಿಕ್. ಕಾರು ಟ್ರೇಲರ್ ಸೇರಿ 1200-1300 ಕೆಜಿಯೊಳಗೆ ಬರುತ್ತೆ. ಎರಡೂ ಕಾರು ಹೋಗಲೇಬೇಕಾದಾಗ ಇನ್ನೊಂದಕ್ಕೆ ಕ್ಯಾಂಟರ್. ಒಂದು ಅನುಮಾನ: ಎರಡನ್ನೂ ಒಂದೇ ಕ್ಯಾಂಟರಲ್ಲಿ ಹಾಕೋದಾದ್ರೆ ಎಷ್ಟಡಿಯದ್ದು ಕೇಳಬೇಕು?

ಮೂಡಿಗೆರೆ_ಜಿಪ್ಸಿ

22 ಅಡಿ ಅಂದ್ರೆ 6.7 ಮೀಟರ್, ನಿಮ್ಮ ಎರಡು 800 ಒಂದಕ್ಕೊಂದು ತಾಗಿಕೊಂಡೇ 6.67. ಡೋರ್ ಹಾಕೋಕಾಗಲ್ಲ. 24 ಅಡಿಯದ್ದು ಕೇಳಿ, 7.3 ಮೀಟರ್ ಸಿಗುತ್ತೆ. 14, 17, 19 ಅಡಿಯದ್ದರಲ್ಲಿ ಒಂದೇ ಕಾರು. ಹತ್ತಿಸೋಕೆ ಕಬ್ಬಿಣದ ರ್‍ಯಾಂಪ್ ಹುಡುಕೋದು ಬೇಡ, ಗೊಬ್ಬರ ಇಳಿಸೋಕೆ ಅಂತ ತೋಟಗಳಲ್ಲಿ ಮಣ್ಣಿನ ದಿಬ್ಬ ಇರುತ್ತಲ್ಲ, ಲಾರಿ ಹಿಂಬದಿಯನ್ನ ಅದಕ್ಕೆ ತಾಗಿಸಿ ನಿಲ್ಲಿಸಿ ಸೀದಾ ಓಡಿಸಿಬಿಡಿ. ಇನ್ನೊಂದು ದಾರಿ ಇದೆ. ಫ್ಲ್ಯಾಟ್‌ಬೆಡ್ ಟೋಯಿಂಗ್ ಗಾಡಿಗಳಲ್ಲಿ ಕೆಲವಕ್ಕೆ ಹಿಂದೆ ಚಕ್ರ ಎತ್ತೋ ತೋಳು ಇರುತ್ತೆ, ಒಂದು ಕಾರು ಮೇಲೆ, ಇನ್ನೊಂದರ ಮುಂದಿನ ಚಕ್ರ ಎತ್ತಿ ಹಿಂದೆ. 800 ಫ್ರಂಟ್ ವೀಲ್ ಡ್ರೈವ್ ಆಗಿರೋದ್ರಿಂದ ಮುಂದಿನ ಚಕ್ರ ಎತ್ತಿದ್ರೆ ಗೇರ್‌ಬಾಕ್ಸ್‌ಗೆ ಏನೂ ಆಗಲ್ಲ.

ಪಟ್ಟಿ_ಹಬ್ಬು_ಹಾಸನ

ಒಳ್ಳೇ ತೀರ್ಮಾನ ಸಾರ್. ಆರ್ಡರ್ ಕೊಡುವಾಗ ರ್‍ಯಾಂಪ್ ಉದ್ದ ಬರೆಸಿ. ಡೆಕ್ ನೆಲದಿಂದ 60 ಸೆಂಟಿಮೀಟರ್ ಎತ್ತರ ಇದ್ದು ರ್‍ಯಾಂಪ್ 2.4 ಮೀಟರ್ ಇದ್ರೆ ಏರು ಹದಿನಾಲ್ಕೂವರೆ ಡಿಗ್ರಿ ಬರುತ್ತೆ. ನೀವು ಕಾರನ್ನ ತಗ್ಗಿಸಿದ್ದೀರ ಅಂದ್ರೆ ಮುಂದಿನ ಬಂಪರ್ ತುದಿ ಅಲ್ಲೇ ಉಜ್ಜುತ್ತೆ. ಬಂಪರ್ ತುದಿಯಿಂದ ನೆಲಕ್ಕೆ ಎಷ್ಟು, ಚಕ್ರದ ಮುಂಭಾಗಕ್ಕೆ ಎಷ್ಟು ಅಂತ ಅಳೆದು ಇಲ್ಲೇ ಹಾಕಿ. ರ್‍ಯಾಂಪ್ ಸಾಕಾ, ಹಿಂದಕ್ಕೆ ಬಾಗೋ ಟಿಲ್ಟ್ ಡೆಕ್ ಬೇಕಾ ಅಂತ ಲೆಕ್ಕ ಹಾಕಿ ಹೇಳ್ತೀನಿ.